ಶಿವಮೊಗ್ಗ ಅಂತರರಾಷ್ಟ್ರೀಯ ನಗರ ಒಕ್ಕೂಟ ಸೇರುವುದಾದರೆ ಯಾವುದಕ್ಕೆ, ಮೊದಲ ಕೆಲಸ ಯಾವುದು?

ಗಾಂಧಿಬಜಾರ್_ನಾಗರಿಕ

ಬೆಂಗಳೂರು, ಸೂರತ್, ಉದಯಪುರ, ಕೊಯಮತ್ತೂರು ಎಲ್ಲವೂ ಒಂದಲ್ಲ ಒಂದು ಅಂತರರಾಷ್ಟ್ರೀಯ ನಗರ ಒಕ್ಕೂಟದ ಜೊತೆ ಕೆಲಸ ಮಾಡಿವೆ. ಶಿವಮೊಗ್ಗವೂ ಸೇರಬೇಕು ಅನ್ನುವವರಿದ್ದಾರೆ, ಸೇರಿದರೆ ನಮಗೇನು ಸಿಗುತ್ತೆ ಅಂತ ಕೇಳುವವರೂ ಇದ್ದಾರೆ. 2011ರ ಜನಗಣತಿಯಲ್ಲಿ 3,22,650 ಜನರಿದ್ದ, 35 ವಾರ್ಡ್‌ಗಳ ಊರು ನಮ್ಮದು. ತುಂಗೆಗೆ ಸೇರುವ ಕೊಳಚೆ, 2019ರ ಆಗಸ್ಟ್‌ನಲ್ಲಿ ಕುಂಬಾರಗುಂಡಿ, ಇಮಾಂಬಾಡಾ ಕಡೆ ನುಗ್ಗಿದ ನೆರೆ, ಅನುಪಿನಕಟ್ಟೆಯ ಕಸ ಎಲ್ಲರಿಗೂ ಗೊತ್ತಿರುವುದೇ. ಇಷ್ಟು ಗಾತ್ರದ ಊರಿಗೆ ಯಾವ ಒಕ್ಕೂಟ ಹೊಂದುತ್ತೆ, ಖರ್ಚೆಷ್ಟು, ಸಹಿ ಹಾಕಿದ ಮೇಲೆ ಏನೇನು ಮಾಡಬೇಕು? ಪಾಲಿಕೆಯ ಕಡತ, ನೀರು, ಕಸದ ಒಳಹೊರಗು ಬಲ್ಲವರು ವಿವರವಾಗಿ ಬರೆಯಿರಿ.

ಕಡತ_ಕೋಣೆ

ಸರ್, ಎಲ್ಲವನ್ನೂ "ಒಕ್ಕೂಟ" ಅಂತ ಒಂದೇ ಗಂಟು ಕಟ್ಟಿದರೆ ಲೆಕ್ಕ ತಪ್ಪುತ್ತೆ. ಒಂದೊಂದಾಗಿ ನೋಡೋಣ.

ಹವಾಮಾನ ಬದಲಾವಣೆಯ ಮೇಲೆ ಕೆಲಸ ಮಾಡುವ ದೊಡ್ಡ ನಗರಗಳ ಒಕ್ಕೂಟ ಸಿ40 ನಮಗಲ್ಲ. 2005ರಲ್ಲಿ ಲಂಡನ್ ಮೇಯರ್ ಕೆನ್ ಲಿವಿಂಗ್‌ಸ್ಟನ್ ಮುಂದಾಳತ್ವದಲ್ಲಿ 18 ಮಹಾನಗರಗಳು ಸೇರಿ ಶುರುಮಾಡಿದ್ದು. ಮಹಾನಗರ ಅನ್ನಿಸಿಕೊಳ್ಳಲು 30 ಲಕ್ಷ ಜನಸಂಖ್ಯೆ ಕೇಳುತ್ತಾರೆ. ಬೆಂಗಳೂರು ಅದರಲ್ಲಿದೆ, 2023ರ ನವೆಂಬರ್‌ನಲ್ಲಿ ಹೊರಬಂದ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಗೆ ಅವರ ನೆರವಿತ್ತು. ಅಲ್ಲಿಗೆ ಅರ್ಜಿ ಹಾಕುವ ಯೋಚನೆಯನ್ನೇ ಬಿಡಬಹುದು.

ಇಕ್ಲಿ, ಅಂದರೆ ಸುಸ್ಥಿರ ಅಭಿವೃದ್ಧಿಗಾಗಿ ಸೇರಿದ ಸ್ಥಳೀಯ ಸಂಸ್ಥೆಗಳ ಒಕ್ಕೂಟ, 1990ರಿಂದ ಇದೆ. ಪ್ರಧಾನ ಕಚೇರಿ ಜರ್ಮನಿಯ ಬಾನ್‌ನಲ್ಲಿ, ದಕ್ಷಿಣ ಏಷ್ಯಾದ ಕಚೇರಿ ದೆಹಲಿಯಲ್ಲಿ. ಸಣ್ಣ, ಮಧ್ಯಮ ಊರುಗಳಿಗೂ ಬಾಗಿಲು ತೆರೆದಿದೆ. ವಾರ್ಷಿಕ ಸದಸ್ಯ ಶುಲ್ಕವುಂಟು, ಜನಸಂಖ್ಯೆ ನೋಡಿ ನಿಗದಿ ಮಾಡುತ್ತಾರೆ. ಸ್ವಿಸ್ ಸರ್ಕಾರದ ನೆರವಿನ ಕೆಪಾಸಿಟೀಸ್ ಯೋಜನೆಯಲ್ಲಿ ಇವರು ಕೊಯಮತ್ತೂರು, ರಾಜ್‌ಕೋಟ್ ಜೊತೆಗೆ ಸಿಲಿಗುರಿ, ಉದಯಪುರವನ್ನೂ ತೆಗೆದುಕೊಂಡಿದ್ದರು. ಉದಯಪುರ 2011ರಲ್ಲಿ ನಾಲ್ಕೂವರೆ ಲಕ್ಷದ ಊರು. ನಾವು ಹೋಲಿಸಿಕೊಳ್ಳಬೇಕಾದ್ದು ಅದಕ್ಕೆ, ಬೆಂಗಳೂರಿಗಲ್ಲ.

ಗ್ಲೋಬಲ್ ಕವೆನೆಂಟ್ ಆಫ್ ಮೇಯರ್ಸ್ ಎಂಬ ನಗರಗಳ ಹವಾಮಾನ ಒಪ್ಪಂದಕ್ಕೆ ಶುಲ್ಕವಿಲ್ಲ, ಆದರೆ ಗಡುವು ಇದೆ. ಬದ್ಧತಾ ಪತ್ರಕ್ಕೆ ಸಹಿ ಹಾಕಿದ ಎರಡು ವರ್ಷದೊಳಗೆ ಊರಿನ ಹಸಿರುಮನೆ ಅನಿಲಗಳ ಲೆಕ್ಕಪಟ್ಟಿ, ಅಪಾಯಗಳ ಅಂದಾಜು ಮತ್ತು ಗುರಿ, ಮೂರು ವರ್ಷದೊಳಗೆ ಕ್ರಿಯಾ ಯೋಜನೆ. ವರದಿಯನ್ನು ಪರಿಸರದ ಅಂಕಿಅಂಶ ಸಂಗ್ರಹಿಸುವ ಸಿಡಿಪಿ ಸಂಸ್ಥೆ ಮತ್ತು ಇಕ್ಲಿಯ ಜಂಟಿ ಜಾಲತಾಣದಲ್ಲಿ ತುಂಬಬೇಕು.

ಇನ್ನೊಂದು, ವಿಶ್ವಸಂಸ್ಥೆಯ ವಿಪತ್ತು ಅಪಾಯ ತಗ್ಗಿಸುವ ಕಚೇರಿ ನಡೆಸುವ ಮೇಕಿಂಗ್ ಸಿಟೀಸ್ ರೆಸಿಲಿಯೆಂಟ್ 2030. ಚಿಕ್ಕದಾಗಿ ಎಂಸಿಆರ್ ಅನ್ನೋಣ. 2020ರ ಅಕ್ಟೋಬರ್‌ನಲ್ಲಿ ಘೋಷಣೆಯಾಯಿತು, 2030ರವರೆಗೆ ನಡೆಯುತ್ತೆ. ಇದಕ್ಕೂ ಶುಲ್ಕವಿಲ್ಲ, ಎಷ್ಟೇ ಸಣ್ಣ ಸ್ಥಳೀಯ ಸಂಸ್ಥೆಯಾದರೂ ಸೇರಬಹುದು. ಶಿವಮೊಗ್ಗಕ್ಕೆ ಮೊದಲು ಬೇಕಾಗಿರುವುದು ಇದೇ ಅಂತ ನನ್ನ ಖಚಿತ ಅಭಿಪ್ರಾಯ. ಕಾರಣ ಮುಂದೆ ಚರ್ಚೆಯಾಗಲಿ.

ಬಿಎಚ್_ರಸ್ತೆ

ಇದರಲ್ಲಿ ಯಾವುದು ದುಡ್ಡು ಕೊಡುತ್ತೆ?

ಕಡತ_ಕೋಣೆ

ಯಾವುದೂ ನೇರವಾಗಿ ಕೊಡುವುದಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಎರಡನೇ ವರ್ಷಕ್ಕೆ "ಏನೂ ಬರಲಿಲ್ಲ" ಅಂತ ಕಡತ ಮುಚ್ಚುತ್ತಾರೆ. ಇವು ಕೊಡುವುದು ವಿಧಾನ, ತರಬೇತಿ, ಬೇರೆ ಊರಿನ ಎಂಜಿನಿಯರ್‌ಗಳ ಜೊತೆ ಮಾತಾಡುವ ಅವಕಾಶ. ಒಮ್ಮೊಮ್ಮೆ ಸಣ್ಣ ಪ್ರಾತ್ಯಕ್ಷಿಕೆಗೆ ಯಂತ್ರವೋ ತಜ್ಞರೋ ಬರಬಹುದು.

ದುಡ್ಡಿನ ದಾರಿ ಬೇರೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್, ವಿಶ್ವಬ್ಯಾಂಕ್‌ಗಳ ಸಾಲ ಕೇಂದ್ರದ ಆರ್ಥಿಕ ವ್ಯವಹಾರಗಳ ಇಲಾಖೆಯ ಮೂಲಕ ರಾಜ್ಯಕ್ಕೆ ಬರುತ್ತೆ. ಇಲ್ಲಿ ರಾಜ್ಯದ ನಗರ ಮೂಲಸೌಕರ್ಯ ಹಣಕಾಸು ನಿಗಮವಾದ ಕೆಯುಐಡಿಎಫ್‌ಸಿ ಅದನ್ನು ನೋಡಿಕೊಳ್ಳುತ್ತೆ. ನಮ್ಮ ತುಂಗಭದ್ರಾ ಕಣಿವೆಯಲ್ಲೇ ಉದಾಹರಣೆ ಇದೆ: ಎಡಿಬಿ ನೆರವಿನ ಸಮಗ್ರ ನಗರ ನೀರು ನಿರ್ವಹಣಾ ಯೋಜನೆಯ ಮೊದಲ ಕಂತಿನಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಇದ್ದವು. ಪಾಲಿಕೆಯೇ ಹೋಗಿ ಹೊರದೇಶದ ಸಂಸ್ಥೆಯಿಂದ ಸಾಲ ತರುವ ಪದ್ಧತಿ ನಮ್ಮಲ್ಲಿಲ್ಲ.

ಇನ್ನೊಂದು ದಾರಿ ಸ್ಪರ್ಧೆ. 2018ರಲ್ಲಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ, ಫ್ರಾನ್ಸಿನ ಅಭಿವೃದ್ಧಿ ನೆರವು ಸಂಸ್ಥೆ ಎಎಫ್‌ಡಿ ಮತ್ತು ಐರೋಪ್ಯ ಒಕ್ಕೂಟ ಸೇರಿ ಸಿಟೀಸ್ ಎಂಬ ಕಾರ್ಯಕ್ರಮ ತಂದವು. ಸ್ಮಾರ್ಟ್ ಸಿಟಿಗಳಿಂದ ಪ್ರಸ್ತಾವ ಕರೆದು 12 ಯೋಜನೆ ಆರಿಸಿದರು. ಹುಬ್ಬಳ್ಳಿ-ಧಾರವಾಡ ಉಣಕಲ್ ನಾಲೆಯ ಪಕ್ಕ ಸೈಕಲ್, ಕಾಲ್ನಡಿಗೆಯ ಹಸಿರು ದಾರಿಗೆ ಗೆದ್ದಿತು. ಎರಡನೇ ಸುತ್ತು ಕಸ ನಿರ್ವಹಣೆಗೆ, ಅದರ 18 ಊರುಗಳಲ್ಲಿ ಬೆಳಗಾವಿ ಇದೆ. ಇಂಥ ಸ್ಪರ್ಧೆಯಲ್ಲಿ ಅಂಕ ಸಿಗುವುದು ಅಂಕಿಅಂಶ ಸಿದ್ಧವಿರುವ ಊರಿಗೆ. ಪ್ರಕಟಣೆ ಬಂದ ಮೇಲೆ ಕಸದ ತೂಕ ಅಳೆಯಲು ಹೊರಟವರಿಗಲ್ಲ. ಶುಲ್ಕವಿಲ್ಲದ ಒಕ್ಕೂಟದ ಲಾಭ ನನಗೆ ಕಾಣುವುದು ಇಲ್ಲೇ: ಅದರ ಗಡುವಿನ ನೆಪದಲ್ಲಿ ಅಂಕಿಅಂಶ ಮೊದಲೇ ಸಿದ್ಧವಾಗುತ್ತೆ.

ತೀರ್ಥಹಳ್ಳಿ_ಹೊಳೆದಂಡೆ

ಎಂಸಿಆರ್ ಮೊದಲು ಅಂದದ್ದು ಸರಿ ಇದೆ. ಆದರೆ ಶಿವಮೊಗ್ಗ ಒಂದೇ ಸೇರಿದ್ರೆ ಅರ್ಧ ಕೆಲಸ ಮಾರಾಯ್ರೆ. ನಿಮ್ಮ ಊರಿಗೆ ನೆರೆ ತರೋದು ನಿಮ್ಮ ಊರಿನ ಮಳೆ ಅಲ್ಲ. ಅಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು, ಆಗುಂಬೆಯಲ್ಲಿ ಏಳು ಸಾವಿರ ದಾಟ್ತದೆ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಸೀಮೆಯಲ್ಲಿ ಬಿದ್ದದ್ದು ಕೆಳಗೆ ನಿಮಗೆ ಬರ್ತದೆ.

ಹೊಳೆ ಬದಿಯವರಿಗೆ ಗುರುತುಗಳು ಮೊದಲಿಂದ ಇವೆ. ಶೃಂಗೇರಿಯಲ್ಲಿ ಕಪ್ಪೆ ಶಂಕರ ಮುಳುಗಿತಾ, ತೀರ್ಥಹಳ್ಳಿಯಲ್ಲಿ ರಾಮಮಂಟಪ ಮುಳುಗಿತಾ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ಕೇಳೋದು. ಮೂರೂ ಒಂದೇ ಹೊಳೆಯ ಮೇಲೆ ಒಂದರ ಕೆಳಗೆ ಒಂದು. ಈ ಮೂರು ಕಡೆ ಸೆಂಟಿಮೀಟರ್ ಪಟ್ಟಿ ಬರೆದು, ಮಳೆಗಾಲದಲ್ಲಿ ಗಂಟೆಗೊಮ್ಮೆ ಮಟ್ಟ, ಹೊತ್ತು ಬರೆದಿಟ್ಟರೆ ಎರಡೇ ಮಳೆಗಾಲದಲ್ಲಿ ಮೇಲಿನ ಏರಿಕೆ ಕೆಳಗೆ ಎಷ್ಟು ಗಂಟೆಗೆ ತಲುಪ್ತದೆ ಅಂತ ನಮ್ಮದೇ ಲೆಕ್ಕ ಕೈಗೆ ಸಿಗ್ತದೆ. ಈಗ ಜನ ಫೋಟೋ ತೆಗೆದು ಹಂಚ್ತಾರೆ, ಹೊತ್ತು ಬರೆಯೋದಿಲ್ಲ. ಮುಳುಗಿದ ಮೇಲೆ ಮಂಟಪದ ಮೇಲೆ ಎಷ್ಟು ಅಡಿ ನೀರು ಇತ್ತು ಅನ್ನೋದಕ್ಕೂ ದಾಖಲೆ ಇಲ್ಲ. ಅಪಾಯ ಶುರುವಾಗೋದೇ ಅಲ್ಲಿಂದ ಮೇಲೆ. ಹಾಗಾಗಿ ಪಟ್ಟಿಯನ್ನು ಮಂಟಪಕ್ಕಲ್ಲ, ಹತ್ತಿರದ ಸೇತುವೆಯ ಕಂಬಕ್ಕೆ ಬರೀಬೇಕು.

ನವುಲೆ_ಜಲಲೆಕ್ಕ

ತೀರ್ಥಹಳ್ಳಿಯವರ ಮಾತಿಗೆ ಸಂಖ್ಯೆ ಸೇರಿಸುತ್ತೇನೆ.

ಊರಿನ ಮೇಲ್ಗಡೆ ತುಂಗೆಗೆ ಕಟ್ಟಿದ ಗಾಜನೂರು ಅಣೆಕಟ್ಟೆ ನಮ್ಮನ್ನು ಕಾಯುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಅದರ ಸಾಮರ್ಥ್ಯ 3.24 ಟಿಎಂಸಿ. ಒಳಹರಿವು 60,000 ಕ್ಯೂಸೆಕ್ ಇದ್ದರೆ ಖಾಲಿ ಅಣೆಕಟ್ಟೆಯೂ 54,000 ಸೆಕೆಂಡಿನಲ್ಲಿ, ಅಂದರೆ 15 ಗಂಟೆಯಲ್ಲಿ ತುಂಬುತ್ತೆ. ಅದೂ ಖಾಲಿ ಇದ್ದರೆ. ಗಾಜನೂರು ಮುಂಗಾರಿನ ಆರಂಭದಲ್ಲೇ ತುಂಬುವ ಅಣೆಕಟ್ಟೆ. ನಾಲೆಗೆ ನೀರು ತಿರುಗಿಸಲು ಕಟ್ಟಿದ್ದು, ನೆರೆ ಹಿಡಿದಿಡಲು ಅಲ್ಲ. ಜುಲೈ, ಆಗಸ್ಟ್‌ನಲ್ಲಿ ಬಂದಷ್ಟನ್ನು ಕೆಳಗೆ ಬಿಡುವುದಲ್ಲದೆ ಬೇರೆ ದಾರಿ ಇರುವುದಿಲ್ಲ.

ಅಣೆಕಟ್ಟೆಯಿಂದ ಊರಿಗೆ ಸುಮಾರು 12 ಕಿ.ಮೀ. ನೆರೆಯ ನೀರು ಸೆಕೆಂಡಿಗೆ 2ರಿಂದ 3 ಮೀಟರ್ ಹರಿಯುತ್ತೆ ಅಂತ ಹಿಡಿದರೆ ಒಂದು ಗಂಟೆಯಿಂದ ಒಂದೂಮುಕ್ಕಾಲು ಗಂಟೆ. ಗೇಟ್ ಎತ್ತಿದ ಸುದ್ದಿ ಬಂದ ಮೇಲೆ ಕುಂಬಾರಗುಂಡಿಯ ಒಂದು ಮನೆಯವರು ವಯಸ್ಸಾದವರನ್ನು, ದಾಖಲೆಗಳನ್ನು, ಅಕ್ಕಿಯನ್ನು ಸಾಗಿಸಲು ಇಷ್ಟು ಹೊತ್ತು ಸಾಲದು. ಅದೇ ತೀರ್ಥಹಳ್ಳಿಯ ಮಟ್ಟವನ್ನು ಆಧಾರ ಮಾಡಿಕೊಂಡರೆ, 60 ಕಿ.ಮೀ. ಅಂತ ಹಿಡಿದು ಅದೇ ವೇಗದಲ್ಲಿ ಐದೂವರೆಯಿಂದ ಎಂಟು ಗಂಟೆ. ನದಿಯ ಬಳಸು, ಗಾಜನೂರಿನ ಹಿನ್ನೀರು ಈ ಲೆಕ್ಕವನ್ನು ಹಿಂದೆಮುಂದೆ ಮಾಡುತ್ತವೆ, ಅದಕ್ಕೇ ಗಂಟೆಗೊಮ್ಮೆ ದಾಖಲೆ ಬೇಕು ಅನ್ನುವುದು. ಇನ್ನೂ ಮೇಲಕ್ಕೆ ಹೋದರೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರವಾದ ಕೆಎಸ್‌ಎನ್‌ಡಿಎಂಸಿಯ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲೇ ಇವೆ. ಮಳೆ ಬಿದ್ದ ಗಳಿಗೆಯಿಂದ ಲೆಕ್ಕ ಹಾಕಿದರೆ ಅರ್ಧ ದಿನದಷ್ಟು ಸಮಯ ಸಿಗಬಹುದು.

ಒಕ್ಕೂಟ ಇಲ್ಲಿ ಉಪಯೋಗಕ್ಕೆ ಬರುತ್ತೆ. 2006ರ ಆಗಸ್ಟ್‌ನಲ್ಲಿ ತಾಪಿ ನದಿಯ ಉಕಾಯ್ ಜಲಾಶಯದಿಂದ ಒಂಬತ್ತು ಲಕ್ಷ ಕ್ಯೂಸೆಕ್ ಆಸುಪಾಸು ಬಿಟ್ಟಾಗ ಸೂರತ್‌ನ ಬಹುಭಾಗ ಮುಳುಗಿತು. ಎರಡು ವರ್ಷದ ನಂತರ ಸೂರತ್, ಇಂದೋರ್, ಗೋರಖ್‌ಪುರ ಮೂರೂ ರಾಕ್‌ಫೆಲರ್ ಫೌಂಡೇಶನ್‌ನ ಏಷ್ಯಾ ನಗರಗಳ ಹವಾಮಾನ ಜಾಲಕ್ಕೆ ಸೇರಿದವು. ಸೂರತ್ ಅದರಲ್ಲಿ ಆರಿಸಿಕೊಂಡ ಮುಖ್ಯ ಕೆಲಸ ಒಂದೇ: ಜಲಾಶಯದ ಮೇಲ್ಭಾಗದ ಮಳೆಯಿಂದ ಹಿಡಿದು ವಾರ್ಡ್‌ನ ಬೀದಿವರೆಗಿನ ಮುನ್ಸೂಚನೆ. ಅದಕ್ಕೆ ಪಾಲಿಕೆ, ನೀರಾವರಿ ಇಲಾಖೆ, ಕಾಲೇಜುಗಳು ಒಟ್ಟಿಗೆ ಕೂರಬೇಕಾಯಿತು. 2012ರಲ್ಲಿ ಸೂರತ್ ಕ್ಲೈಮೇಟ್ ಚೇಂಜ್ ಟ್ರಸ್ಟ್ ಅಂತ ಪ್ರತ್ಯೇಕ ಸಂಸ್ಥೆ ಮಾಡಿ ಅದಕ್ಕೆ ವಹಿಸಿದರು. ನಮಗೆ ಬೇಕಾದ ಪಾಠ ಅದರಲ್ಲಿದೆ.

ಬಿಎಚ್_ರಸ್ತೆ

ಸೂರತ್ ಶ್ರೀಮಂತ ಪಾಲಿಕೆ. ಅವರ ಒಂದು ವಿಭಾಗದ ಬಜೆಟ್ ಮುಂದೆ ನಮ್ಮದು ಎಲ್ಲಿ ನಿಲ್ಲುತ್ತೆ? ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ.

ನವುಲೆ_ಜಲಲೆಕ್ಕ

ಬಜೆಟ್‌ನಲ್ಲಿ ಹೋಲಿಕೆಯಿಲ್ಲ, ನಿಜ. ಉಕಾಯ್ ದೊಡ್ಡ ಜಲಾಶಯ, ನೀರು ಬಿಡುವ ವೇಳಾಪಟ್ಟಿ ಬದಲಿಸಿ ನೆರೆ ತಗ್ಗಿಸಲು ಅವರಿಗೆ ಅವಕಾಶವಿತ್ತು. ನಮಗೆ ಅದೂ ಇಲ್ಲ. ಆದ್ದರಿಂದಲೇ ಮುನ್ಸೂಚನೆ ನಮಗೆ ಅವರಿಗಿಂತ ಹೆಚ್ಚು ಬೇಕು. ಅದರ ದುಬಾರಿ ಭಾಗವಾದ ಮಳೆಮಾಪಕ ಈಗಾಗಲೇ ಇದೆ, ಸ್ಮಾರ್ಟ್ ಸಿಟಿಯಲ್ಲಿ ಮಾಡಿದ ಕಮಾಂಡ್ ಸೆಂಟರ್ ಇದೆ. ಇವನ್ನು ಜೋಡಿಸುವ ಜನ, ಒಪ್ಪಂದ, ವಾರ್ಡ್ ನಕ್ಷೆ ಬೇಕು. ಸೂರತ್‌ನಿಂದ ತರಬೇಕಾದ್ದು ಯಂತ್ರ ಅಲ್ಲ, ಎಷ್ಟು ಅಡಿ ನೀರಿಗೆ ಯಾವ ಬೀದಿ ಮುಳುಗುತ್ತೆ ಅಂತ ಗುರುತು ಹಾಕುವ ವಿಧಾನ.

ಆದರೆ ಒಂದು ಎಚ್ಚರಿಕೆ. ಶಿವಮೊಗ್ಗದಲ್ಲಿ ಎರಡು ಬಗೆಯ ನೆರೆ ಬರುತ್ತೆ, ಎರಡನ್ನೂ ಬೆರೆಸಬಾರದು. ಒಂದು ತುಂಗೆ ಏರಿ ಬರುವುದು. ಇನ್ನೊಂದು ಊರಲ್ಲೇ ಒಂದು ಗಂಟೆ ಜೋರು ಮಳೆ ಹೊಡೆದು ಚರಂಡಿ ಉಕ್ಕುವುದು. ತುಂಗಾ ನಾಲೆ ಊರ ನಡುವೆ ಹಾದುಹೋಗುವುದರಿಂದ ಮಳೆನೀರು ಅದರ ಅಡಿಯ ಮೋರಿಗಳಲ್ಲಿ ನುಸುಳಿಯೇ ಹೊಳೆ ಸೇರಬೇಕು. ಮೋರಿ ಕಟ್ಟಿಕೊಂಡರೆ ನಾಲೆಯ ಮೇಲ್ಬದಿಯ ಬಡಾವಣೆಯಲ್ಲಿ ನೀರು ನಿಲ್ಲುತ್ತೆ, ಹೊಳೆಯ ಮಟ್ಟ ಎಷ್ಟೇ ಕೆಳಗಿದ್ದರೂ. ಎರಡೂ ಒಟ್ಟಿಗೆ ಬಂದ ದಿನ ಇನ್ನೂ ಕಷ್ಟ: ಹೊಳೆ ಏರಿದಾಗ ರಾಜಕಾಲುವೆಯ ಬಾಯಿ ನೀರಿನಡಿ ಹೋಗುತ್ತೆ, ಹೊಳೆ ನೀರೇ ಹಿಂದಕ್ಕೆ ಚರಂಡಿಯೊಳಗೆ ನುಗ್ಗುತ್ತೆ, ಒಳಚರಂಡಿಯ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೊಳಚೆ ಬೀದಿಗೆ ಬರುತ್ತೆ. ಇದಕ್ಕೆ ಬಾಯಿಗೆ ಫ್ಲ್ಯಾಪ್ ಗೇಟ್ ಹಾಕುತ್ತಾರೆ, ಹೊರಗಿನ ಒತ್ತಡಕ್ಕೆ ತಾನೇ ಮುಚ್ಚುವಂಥದ್ದು. ಗೇಟ್ ಮುಚ್ಚಿದ ಮೇಲೆ ಒಳಗಿನ ಮಳೆನೀರಿಗೆ ದಾರಿಯಿಲ್ಲ, ಹಾಗಾಗಿ ಪಂಪ್ ಇಲ್ಲದೆ ಗೇಟ್ ಮಾತ್ರ ಹಾಕಿದರೆ ಸಮಸ್ಯೆ ಜಾಗ ಬದಲಿಸುತ್ತೆ ಅಷ್ಟೆ.

ಗಾಂಧಿಬಜಾರ್_ನಾಗರಿಕ

ಎಂಸಿಆರ್ ಸೇರಿದರೆ ಮಾಡಬೇಕಾದ ಕೆಲಸ ನಿಖರವಾಗಿ ಏನು?

ಕಡತ_ಕೋಣೆ

ಅದರಲ್ಲಿ ಎ, ಬಿ, ಸಿ ಅಂತ ಮೂರು ಹಂತ: ಅಪಾಯ ಅರಿಯುವುದು, ಯೋಜನೆ ಮಾಡುವುದು, ಜಾರಿಗೆ ತರುವುದು. ಎಲ್ಲ ಊರೂ ಎ ಇಂದಲೇ ಶುರುಮಾಡಬೇಕೆಂದಿಲ್ಲ, ಸಿದ್ಧತೆ ನೋಡಿ ಹಂತ ಕೊಡುತ್ತಾರೆ. ನಮಗೆ ಎ ಸಾಕು. ಎಲ್ಲಕ್ಕೂ ಆಧಾರ "ಹತ್ತು ಅಗತ್ಯಗಳು" ಎಂಬ ಪಟ್ಟಿ ಮತ್ತು ಅಂಕಪಟ್ಟಿ. ಪ್ರಾಥಮಿಕ ಅಂಕಪಟ್ಟಿಯಲ್ಲಿ 47 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ. ಒಂದೆರಡು ದಿನದ ಕಾರ್ಯಾಗಾರದಲ್ಲಿ ಮುಗಿಸಬಹುದು. ವಿವರವಾದ ಅಂಕಪಟ್ಟಿಯಲ್ಲಿ 117 ಅಂಶ, 0ಯಿಂದ 5 ಅಂಕ. ಅದಕ್ಕೆ ತಿಂಗಳುಗಟ್ಟಲೆ ಬೇಕು, ಮೊದಲ ವರ್ಷ ಮುಟ್ಟಬಾರದು.

ಕಾರ್ಯಾಗಾರಕ್ಕೆ ಯಾರು ಬಂದರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಪಾಲಿಕೆಯ ಎಂಜಿನಿಯರ್ ಮತ್ತು ಆರೋಗ್ಯಾಧಿಕಾರಿ, ಕಂದಾಯ ಇಲಾಖೆ, ಗಾಜನೂರಿನ ನೀರಾವರಿ ಎಂಜಿನಿಯರ್, ಮೆಸ್ಕಾಂ, ಅಗ್ನಿಶಾಮಕ ದಳ, ಒಳಚರಂಡಿ ಮಂಡಳಿ, ಪೊಲೀಸ್, ಶಾಲಾ ಇಲಾಖೆ, ತಗ್ಗು ಪ್ರದೇಶದ ನಿವಾಸಿಗಳು, ಪೌರಕಾರ್ಮಿಕರು. ಕೊನೆಯ ಇಬ್ಬರನ್ನು ಬಿಡುವುದೇ ಸಾಮಾನ್ಯ ತಪ್ಪು. ಯಾವ ಮೋರಿ ಯಾವ ಮಳೆಗೆ ಕಟ್ಟಿಕೊಳ್ಳುತ್ತೆ ಅಂತ ನಕ್ಷೆಗಿಂತ ಚೆನ್ನಾಗಿ ಗೊತ್ತಿರುವುದು ಪೌರಕಾರ್ಮಿಕರಿಗೆ.

ಇನ್ನೊಂದು ತಪ್ಪು ಹೆಚ್ಚು ಅಂಕ ಹಾಕಿಕೊಳ್ಳುವುದು. ಇದು ಸ್ವಚ್ಛ ಸರ್ವೇಕ್ಷಣೆಯ ರ‍್ಯಾಂಕ್ ಅಲ್ಲ, ಯಾರಿಗೂ ಬಹುಮಾನವಿಲ್ಲ. "ಮುನ್ಸೂಚನೆ ತಲುಪುವ ವ್ಯವಸ್ಥೆ ಇದೆಯೇ" ಅನ್ನುವ ಪ್ರಶ್ನೆಗೆ ವಾಟ್ಸ್‌ಆ್ಯಪ್ ಗುಂಪಿದೆ ಅಂತ 3 ಹಾಕಿದರೆ ಮುಂದಿನ ಯೋಜನೆಯಲ್ಲಿ ಆ ಕೆಲಸವೇ ಬಿಟ್ಟುಹೋಗುತ್ತೆ. ಪ್ರತಿ ಅಂಕದ ಎದುರು ಆಧಾರವಾಗಿ ಒಂದು ದಾಖಲೆಯ ಹೆಸರು ಬರೆಯುವ ನಿಯಮ ಇಟ್ಟುಕೊಂಡರೆ ಇದು ತಾನೇ ಸರಿಹೋಗುತ್ತೆ.

ಕಸ_ಇಂಗಾಲ

ಕವೆನೆಂಟ್ ಆಫ್ ಮೇಯರ್ಸ್ ಬಗ್ಗೆ ನಾನು ಬರೆಯುತ್ತೇನೆ, ಹಸಿರುಮನೆ ಅನಿಲಗಳ ಲೆಕ್ಕಪಟ್ಟಿ ಅಂದರೆ ಹೆದರುವವರಿಗೆ. ಜಿಪಿಸಿ ಎಂಬ ವಿಧಾನ 2014ರಿಂದ ಬಳಕೆಯಲ್ಲಿದೆ. ಮೂಲ ಮಟ್ಟಕ್ಕೆ ಕಟ್ಟಡಗಳ ಇಂಧನ ಮತ್ತು ವಿದ್ಯುತ್, ಸಾರಿಗೆ, ಕಸ ಮತ್ತು ಕೊಳಚೆ ನೀರು ಸಾಕು.

ವಿದ್ಯುತ್: ಮೆಸ್ಕಾಂನಿಂದ ವರ್ಗವಾರು ಯೂನಿಟ್ ಕೇಳಬೇಕು, ಗೃಹ, ವಾಣಿಜ್ಯ, ಕೈಗಾರಿಕೆ, ಬೀದಿದೀಪ, ನೀರು ಸರಬರಾಜು ಅಂತ ಬೇರೆ ಬೇರೆ. ಗ್ರಿಡ್‌ನ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ತೊಡಕು ಬರುವುದು ಗಡಿಯಲ್ಲಿ: ಮೆಸ್ಕಾಂ ಉಪವಿಭಾಗದ ಗಡಿ ಪಾಲಿಕೆಯ ಗಡಿಯಲ್ಲ. ಅಂಚಿನ ಫೀಡರ್‌ಗಳಲ್ಲಿ ಹಳ್ಳಿಯ ಪಂಪ್‌ಸೆಟ್‌ಗಳೂ ಸೇರಿರುತ್ತವೆ. ಅಂಥ ಫೀಡರ್‌ಗಳನ್ನು ಗ್ರಾಹಕರ ಸಂಖ್ಯೆಯ ಅನುಪಾತದಲ್ಲಿ ಹಂಚಿ, ಹೇಗೆ ಹಂಚಿದೆವು ಅಂತ ಬರೆದಿಡಬೇಕು. ಮುಂದಿನ ಸಲ ಬೇರೆಯವರು ಬೇರೆ ರೀತಿ ಹಂಚಿದರೆ ಏರಿಕೆ ಇಳಿಕೆ ಎಲ್ಲ ಸುಳ್ಳಾಗುತ್ತೆ.

ಅಡುಗೆ ಅನಿಲ ಸುಲಭ: 14.2 ಕಿಲೋ ಸಿಲಿಂಡರ್ ಒಂದಕ್ಕೆ ಸುಮಾರು 42 ಕಿಲೋ. ಮಲೆನಾಡಿನಲ್ಲಿ ಮರೆಯಬಾರದ್ದು ಸೌದೆ. ಗ್ಯಾಸ್ ಇರುವ ಮನೆಯಲ್ಲೂ ಬಚ್ಚಲ ಒಲೆ ಉರಿಯುತ್ತೆ, ಹಂಡೆ ಕಾಯುವುದು ಸೌದೆ, ತೆಂಗಿನ ಮಟ್ಟೆ, ಅಡಿಕೆ ಸೋಗೆಯಲ್ಲಿ. ಮರದಿಂದ ಬಂದ ಇಂಗಾಲವನ್ನು ಮುಖ್ಯ ಲೆಕ್ಕಕ್ಕೆ ಸೇರಿಸದೆ ಪಕ್ಕದಲ್ಲಿ ತೋರಿಸುತ್ತಾರೆ, ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಸೇರಿಸಬೇಕು. ಹೊರಗಿನ ಸಲಹೆಗಾರರು ಮಾಡಿದ ಪಟ್ಟಿಯಲ್ಲಿ ಈ ಕಾಲಂ ಖಾಲಿ ಬಿಡುವ ಸಾಧ್ಯತೆ ಹೆಚ್ಚು, ಅವರ ಊರಲ್ಲಿ ಹಂಡೆ ಒಲೆ ಇರುವುದಿಲ್ಲ. ಪ್ರತಿ ವಾರ್ಡ್‌ನಲ್ಲಿ ಕೆಲವು ಮನೆ ಆರಿಸಿ, ಮಳೆಗಾಲ ಒಮ್ಮೆ ಬೇಸಿಗೆ ಒಮ್ಮೆ, ದಿನದ ಸೌದೆ ತೂಗಿಸಿದರೆ ಅಂದಾಜು ಬರುತ್ತೆ. ಸುಗ್ಗಿಯಲ್ಲಿ ರಸ್ತೆ ಬದಿ ಸುರಿದು ಸುಡುವ ಅಡಿಕೆ ಸಿಪ್ಪೆ ಹೆಚ್ಚಾಗಿ ಪಾಲಿಕೆಯ ಗಡಿಯಾಚೆ. ಹೊಗೆ ಊರೊಳಗೆ ಬಂದರೂ ಲೆಕ್ಕ ಗ್ರಾಮ ಪಂಚಾಯಿತಿಯದು.

ಸಾರಿಗೆಗೆ ಬಂಕ್‌ಗಳ ಮಾರಾಟ ಹಿಡಿಯುವುದು ರೂಢಿ. ಡೀಸೆಲ್ ಲೀಟರಿಗೆ 2.68 ಕಿಲೋ, ಪೆಟ್ರೋಲ್ 2.31. ಆದರೆ ಸಾಗರ ರಸ್ತೆ, ಬಿ.ಎಚ್. ರಸ್ತೆಯ ಬಂಕ್‌ಗಳಲ್ಲಿ ತುಂಬಿಸಿಕೊಳ್ಳುವ ಲಾರಿ, ಬಸ್ಸು ಓಡುವುದು ಘಟ್ಟದ ಮೇಲೆ ಕೆಳಗೆ. ಭದ್ರಾವತಿಗೆ ದಿನಾ ಓಡಾಡುವವರದೂ ಹೀಗೆ. ಒಂದು ವಾರ ಊರಿನ ಪ್ರವೇಶ ರಸ್ತೆಗಳಲ್ಲಿ ವಾಹನ ಎಣಿಸಿ ತಿದ್ದುಪಡಿ ಮಾಡದಿದ್ದರೆ ಹೆದ್ದಾರಿಯ ಹೊಗೆಯೆಲ್ಲ ಊರಿನ ಲೆಕ್ಕಕ್ಕೆ ಬೀಳುತ್ತೆ.

ಕಸ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅದು ಪೂರ್ತಿ ಪಾಲಿಕೆಯ ಕೈಯಲ್ಲಿದೆ. ಒದ್ದೆ ಕಸ ರಾಶಿಯಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ನ 28 ಪಟ್ಟು. ಅನುಪಿನಕಟ್ಟೆಗೆ ಹೋಗುವ ಗಾಡಿಗಳ ತೂಕದ ಚೀಟಿ ಬೇಕು. ತೂಕದ ಯಂತ್ರ ಕೆಟ್ಟ ದಿನಗಳಿಗೆ ಗಾಡಿಯ ಘನ ಅಳತೆಯನ್ನು ಸಾಂದ್ರತೆಯಿಂದ ಗುಣಿಸುತ್ತಾರೆ, ಘನ ಮೀಟರ್‌ಗೆ 400ರಿಂದ 500 ಕಿಲೋ. ಮಳೆಗಾಲದಲ್ಲಿ ನೀರಿನ ತೂಕವೇ ಸೇರಿಕೊಳ್ಳುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ಸಂಖ್ಯೆ ಕಟ್ಟಬೇಕು. ಕಸದಲ್ಲಿ ಏನಿದೆ ಅಂತ ತಿಳಿಯಲು ರಾಶಿಯನ್ನು ಚೆನ್ನಾಗಿ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ತೆಗೆದುಹಾಕುತ್ತ ಸುಮಾರು 100 ಕಿಲೋಗೆ ಇಳಿಸಬೇಕು. ಆಮೇಲೆ ಕೈಯಿಂದ ವಿಂಗಡಿಸಿ ಒಂದೊಂದನ್ನೂ ತೂಗುವುದು. ಮಾರುಕಟ್ಟೆಯ ಗಾಡಿ, ಮನೆಗಳ ಗಾಡಿ, ಹೋಟೆಲ್ ಗಾಡಿ ಬೇರೆ ಬೇರೆಯಾಗಿ ಮಾಡದಿದ್ದರೆ ಸರಾಸರಿಗೆ ಅರ್ಥವಿಲ್ಲ.

ಹೊಸನಗರ_ಓದುಗ

ಇದಕ್ಕೆಲ್ಲ ಪಾಲಿಕೆಯಲ್ಲಿ ಜನ ಎಲ್ಲಿದ್ದಾರೆ ಮೇಡಂ? ವರ್ಗಾವಣೆ ಆದರೆ ಮುಗಿಯಿತಲ್ಲ?

ಕಸ_ಇಂಗಾಲ

ನಿಮ್ಮ ಸಂದೇಹ ಸರಿಯಾದದ್ದೇ. ಆದರೆ ಎಲ್ಲವೂ ಹೊಸದಲ್ಲ. ಕೇಂದ್ರ ಸಚಿವಾಲಯ ಸ್ಮಾರ್ಟ್ ಸಿಟಿಗಳಿಗೆ ನಡೆಸಿದ ಹವಾಮಾನ ಮೌಲ್ಯಮಾಪನದಲ್ಲಿ 28 ಸೂಚಕಗಳಿಗೆ ಇಂಥವೇ ಅಂಕಿ ಕೇಳಿದ್ದರು. ಶಿವಮೊಗ್ಗ 2016ರ ಸೆಪ್ಟೆಂಬರ್ ಪಟ್ಟಿಯಲ್ಲಿ ಸ್ಮಾರ್ಟ್ ಸಿಟಿಯಾದ ಊರು. ಹಳೆಯ ಕಡತ ಹುಡುಕುವುದರಿಂದ ಶುರುಮಾಡಬೇಕು. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್‌ಗೆ ಮುಗಿದಿದೆ, ಸ್ಮಾರ್ಟ್ ಸಿಟಿ ಕಂಪನಿಯ ಕಂಪ್ಯೂಟರ್‌ಗಳಲ್ಲಿದ್ದ ಕಡತಗಳನ್ನು ಪಾಲಿಕೆಗೆ ಪಟ್ಟಿ ಸಮೇತ ವಹಿಸಿಕೊಳ್ಳುವುದು ತುರ್ತು ಕೆಲಸ.

ಕಡತ_ಕೋಣೆ

ವರ್ಗಾವಣೆಯ ವಿಚಾರಕ್ಕೆ ಬರುತ್ತೇನೆ, ಒಕ್ಕೂಟಗಳು ನೆಲಕಚ್ಚುವುದು ಹೆಚ್ಚಾಗಿ ಅಲ್ಲೇ. 2013ರಲ್ಲಿ ರಾಕ್‌ಫೆಲರ್ ಫೌಂಡೇಶನ್ ನೂರು ನಗರಗಳ ಇನ್ನೊಂದು ಕಾರ್ಯಕ್ರಮ ತಂದಿತು. ಪ್ರತಿ ಊರಿಗೆ ಒಬ್ಬ ಮುಖ್ಯ ಅಧಿಕಾರಿ, ಎರಡು ವರ್ಷ ಅವರ ಸಂಬಳಕ್ಕೆ ನೆರವು. 2019ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿದರು, ಬೇರೆ ಹೆಸರಿನಲ್ಲಿ ಒಂದು ಜಾಲ ಮುಂದುವರಿಯಿತು. ಹುದ್ದೆಯನ್ನು ತಮ್ಮ ಬಜೆಟ್‌ಗೆ ತಂದುಕೊಂಡ ಊರುಗಳಲ್ಲಿ ಕೆಲಸ ಉಳಿಯಿತು. ಹೊರಗಿನ ದುಡ್ಡಿನ ಮೇಲೆ ಹುದ್ದೆ ನಿಲ್ಲಿಸಬಾರದು.

ನಿರ್ಣಯದ ಭಾಷೆಯಲ್ಲೇ ಕೆಲವು ವಿಷಯ ಕಟ್ಟಿಹಾಕಬಹುದು. ಸಂಪರ್ಕಾಧಿಕಾರಿಯಾಗಿ ವ್ಯಕ್ತಿಯ ಹೆಸರು ಬೇಡ, ಹುದ್ದೆಯ ಹೆಸರು ಬರೆಯಬೇಕು, ಜೊತೆಗೆ ಎರಡನೆಯ ಹುದ್ದೆಯೂ ಇರಲಿ. ಪರಿಸರ ಎಂಜಿನಿಯರ್ ಒಬ್ಬರು, ಲೆಕ್ಕಪತ್ರ ವಿಭಾಗದವರು ಒಬ್ಬರು ಅಂತಿಟ್ಟರೆ ಇಬ್ಬರೂ ಒಟ್ಟಿಗೆ ವರ್ಗವಾಗುವ ಸಂಭವ ಕಡಿಮೆ. ಒಕ್ಕೂಟದ ಜಾಲತಾಣದ ಖಾತೆಯನ್ನು ಯಾರದೋ ಸ್ವಂತ ಜಿಮೇಲ್‌ನಲ್ಲಿ ತೆರೆಯಲೇಬಾರದು, ಕಚೇರಿಯ ಮಿಂಚಂಚೆಯಲ್ಲಿ ತೆರೆದು ಪಾಸ್‌ವರ್ಡನ್ನು ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಸೇರಿಸಬೇಕು. ಪ್ರತಿ ವರ್ಷದ ವರದಿ ಸಲ್ಲಿಸುವ ಮುನ್ನ ಅದರ ಕನ್ನಡ ಪ್ರತಿ ಸಭೆಯ ಮುಂದೆ ಬರಬೇಕು. ನಮ್ಮ ಚುನಾಯಿತ ಪರಿಷತ್ತಿನ ಅವಧಿ 2023ರಲ್ಲೇ ಮುಗಿದಿದೆ. ಆಡಳಿತಾಧಿಕಾರಿಯ ಸಹಿಯಲ್ಲಿ ಸೇರುವುದಾದರೆ, ಮುಂದೆ ಬರುವ ಪರಿಷತ್ತಿನ ಮೊದಲ ಸಭೆಗಳಲ್ಲಿ ಅದನ್ನು ಮಂಡಿಸಬೇಕು ಅಂತ ಆದೇಶದಲ್ಲೇ ಬರೆಯಲಿ. ಇಲ್ಲದಿದ್ದರೆ ಹೊಸ ಸದಸ್ಯರಿಗೆ ಇದು ತಮ್ಮದಲ್ಲದ ಕೆಲಸ.

ಬಿಎಚ್_ರಸ್ತೆ

ಇದು ಒಪ್ಪುವ ಮಾತು. ಹೊರದೇಶದ ಯಾವುದಾದರೂ ಊರಿನ ಜೊತೆ ಸೋದರ ನಗರ ಒಪ್ಪಂದ?

ಕಡತ_ಕೋಣೆ

ಅದಕ್ಕೆ ರಾಜ್ಯ ಸರ್ಕಾರದ ಮೂಲಕ ವಿದೇಶಾಂಗ ಸಚಿವಾಲಯದ ಒಪ್ಪಿಗೆ ಬೇಕು. ಅಧ್ಯಯನ ಪ್ರವಾಸಕ್ಕಿಂತ ಮುಂದೆ ಹೋಗುವುದು ಅಪರೂಪ. ಈಗ ಬೇಡ.

ಹೊಸನಗರ_ಓದುಗ

ಯುನೆಸ್ಕೋ ಸೃಜನಶೀಲ ನಗರಗಳ ಜಾಲವೂ ಇದೆ. 2023ರಲ್ಲಿ ಕೋಯಿಕ್ಕೋಡ್ ಸಾಹಿತ್ಯ ನಗರವಾಯಿತು, ದೇಶದಲ್ಲೇ ಮೊದಲು. ಶಿವಮೊಗ್ಗ ಜಿಲ್ಲೆಯ ಸಾಹಿತ್ಯ, ರಂಗಭೂಮಿಗೆ ಆ ಯೋಗ್ಯತೆ ಖಂಡಿತ ಇದೆ. ನೆರೆ, ಕೊಳಚೆಯ ಚರ್ಚೆಗೆ ಇದು ಪಕ್ಕದ ವಿಷಯ, ಆದರೂ ಹೆಸರಿಸಿದೆ.

ಕೂಡ್ಲಿ_ಸಂಗಮ

ಕೆಳಗಿನ ಊರಿನವರ ಮಾತನ್ನೂ ಕೇಳಿಸಿಕೊಳ್ಳಿ. ಶಿವಮೊಗ್ಗದ ಕೊಳಚೆ ತುಂಗೆಯಲ್ಲಿ, ಭದ್ರಾವತಿಯದು ಭದ್ರೆಯಲ್ಲಿ, ಎರಡೂ ಕೂಡ್ಲಿಯಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ಹೊನ್ನಾಳಿ, ಹರಿಹರದವರು ಕುಡಿಯುವ ನೀರು ಅದೇ. ಹಾಗಾಗಿ ಅಂಕಪಟ್ಟಿಯನ್ನು ಪಾಲಿಕೆಯ ಗಡಿಗೆ ನಿಲ್ಲಿಸಬೇಡಿ.

ಎಂಸಿಆರ್‌ಗೆ ಸಣ್ಣ ಸಂಸ್ಥೆಗಳೂ ಸೇರಬಹುದು ಅಂದಿರಿ. ಹಾಗಾದರೆ ಶೃಂಗೇರಿ ಮತ್ತು ತೀರ್ಥಹಳ್ಳಿಯ ಪಟ್ಟಣ ಪಂಚಾಯಿತಿಗಳು, ಶಿವಮೊಗ್ಗ, ಭದ್ರಾವತಿ, ಹೊನ್ನಾಳಿ, ಹರಿಹರ ಒಟ್ಟಿಗೆ ಅರ್ಜಿ ಹಾಕಲಿ. ಮೂರು ಜಿಲ್ಲೆ ದಾಟುವುದರಿಂದ ಕಷ್ಟವಿದೆ, ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆಯ ಮೂವರು ಜಿಲ್ಲಾಧಿಕಾರಿಗಳು ಒಪ್ಪಬೇಕು. ಆದರೆ ನೀರಿಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಒಬ್ಬರೇ ಉತ್ತರ ಬರೆಯಲು ಆಗುವುದಿಲ್ಲ. ಮೇಲಿನವರು ನೆರೆಯ ಮುನ್ಸೂಚನೆ ಕೆಳಗೆ ಕೊಡುತ್ತಾರೆ. ಕೆಳಗಿನವರು ನೀರಿನ ಗುಣಮಟ್ಟದ ಫಲಿತಾಂಶ ಮೇಲಕ್ಕೆ ಕೊಡಬೇಕು. ತಿಂಗಳಿಗೊಮ್ಮೆ ಊರಿನ ಮೇಲೆ, ಊರಿನ ಕೆಳಗೆ, ಸಂಗಮಕ್ಕೆ ಮುಂಚೆ, ಸಂಗಮದ ನಂತರ ಮಾದರಿ ತೆಗೆದು ಕರಗಿದ ಆಮ್ಲಜನಕ, ಬಿಒಡಿ (ನೀರಿನ ಕೊಳಕು ಕೊಳೆಯಲು ಬೇಕಾಗುವ ಆಮ್ಲಜನಕ), ಫೀಕಲ್ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) ಅಳೆದರೆ ಯಾರ ಪಾಲು ಎಷ್ಟು ಅಂತ ಜಗಳವಿಲ್ಲದೆ ಗೊತ್ತಾಗುತ್ತೆ. ಕರಗಿದ ಆಮ್ಲಜನಕವನ್ನು ಹೊಳೆಯ ದಡದಲ್ಲೇ ಅಳೆಯಬೇಕು. ಕೋಲಿಫಾರ್ಮ್ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಆದಷ್ಟು ಬೇಗ, ಅದೇ ದಿನ ಪ್ರಯೋಗಾಲಯ ಮುಟ್ಟಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಬತ್ತಿದಾಗ ತೆಗೆದ ಮಾದರಿಯೇ ಸತ್ಯ ಹೇಳುವುದು. ಮಳೆಗಾಲದ ಮಾದರಿ ನೋಡಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತೆ, ನೀರು ಬಹಳ ಇರುತ್ತೆ.

ತೀರ್ಥಹಳ್ಳಿ_ಹೊಳೆದಂಡೆ

ನಾವು ಸೇರ್ತೇವೆ ಅಂತಾದ್ರೆ ನಮಗೆ ಕೆಳಗಿನಿಂದ ಏನು ಸಿಗ್ತದೆ ಅಂತ ಇಲ್ಲಿ ಕೇಳ್ತಾರೆ. ನೀರಿನ ಪರೀಕ್ಷೆಯ ಖರ್ಚು ಶಿವಮೊಗ್ಗ ಪಾಲಿಕೆ ಹೊತ್ತುಕೊಂಡ್ರೆ ಪಟ್ಟಣ ಪಂಚಾಯಿತಿಗೆ ಒಪ್ಪಿಸೋದು ಸುಲಭ. ನಮ್ಮಲ್ಲಿ ಪ್ರಯೋಗಾಲಯ ಇಲ್ಲ, ಹೊಳೆ ಮಟ್ಟ ನೋಡ್ಲಿಕ್ಕೆ ಜನ ಇದ್ದಾರೆ. ಕೊಡುಕೊಳ್ಳುವಿಕೆ ಸಮ ಆಗ್ತದೆ.

ಗಾಂಧಿಬಜಾರ್_ನಾಗರಿಕ

ಹಾಗಾದರೆ ಪಾಲಿಕೆಗೆ ಕೊಡುವ ಮನವಿಯಲ್ಲಿ ಮೊದಲ ವರ್ಷಕ್ಕೆ ಏನು ಬರೆಯೋಣ? ಇಕ್ಲಿ, ಕವೆನೆಂಟ್ ಎರಡನ್ನೂ ಕೇಳಬೇಕಾ?

ನವುಲೆ_ಜಲಲೆಕ್ಕ

ಮೊದಲ ವರ್ಷ ಎಂಸಿಆರ್ ಒಂದೇ ಕೇಳಿ. ಕವೆನೆಂಟ್‌ಗೆ ಸಹಿ ಹಾಕಿದ ದಿನದಿಂದ ಗಡುವು ಓಡಲು ಶುರುವಾಗುತ್ತೆ. ಕಸದ ತೂಕ, ಮೆಸ್ಕಾಂ ಅಂಕಿ ಕೈಗೆ ಬಂದ ಮೇಲೆ ಸಹಿ ಹಾಕಿದರೆ ಸಾಕು. ಇಕ್ಲಿಯ ಶುಲ್ಕವನ್ನು ಅದರ ಮುಂದಿನ ಬಜೆಟ್‌ನಲ್ಲಿ ಇಡಬಹುದು.

ಮನವಿಯಲ್ಲಿ ತಿಂಗಳುಗಳನ್ನು ಹೆಸರಿಸಿ. ಡಿಸೆಂಬರ್‌ನೊಳಗೆ ನಿರ್ಣಯ ಮತ್ತು ಅರ್ಜಿ. ಜನವರಿ, ಫೆಬ್ರುವರಿಯಲ್ಲಿ 47 ಪ್ರಶ್ನೆಗಳ ಕಾರ್ಯಾಗಾರ. ಹೊಳೆ ಇಳಿದಿರುವ ಮಾರ್ಚ್‌ನಲ್ಲಿ ಸೇತುವೆ ಕಂಬಗಳಿಗೆ ಮಟ್ಟದ ಪಟ್ಟಿ, ಸಮುದ್ರಮಟ್ಟದ ಲೆಕ್ಕಕ್ಕೆ ಜೋಡಿಸಿ, ತಲಾ 10 ಸೆಂ.ಮೀ.ಗೆ ಗೆರೆ, ರಾತ್ರಿ ಟಾರ್ಚ್ ಬೆಳಕಿಗೆ ಹೊಳೆಯುವ ಬಣ್ಣದಲ್ಲಿ. ಏಪ್ರಿಲ್‌ನಲ್ಲಿ ತಗ್ಗು ಬೀದಿಗಳ ಮನೆ ಹೊಸ್ತಿಲ ಎತ್ತರ ಅಳೆದು ಅದೇ ಲೆಕ್ಕಕ್ಕೆ ತರುವುದು. ಇದಾದರೆ ಸೇತುವೆಯ ಪಟ್ಟಿ ನೋಡಿ ಯಾವ ಬೀದಿ ಎಂದು ಹೇಳಬಹುದು. ಮೇ ತಿಂಗಳಲ್ಲಿ ಫ್ಲ್ಯಾಪ್ ಗೇಟ್ ಇರುವ ಕಡೆ ತಿರುಗಣಿಗೆ ಗ್ರೀಸ್, ಪ್ಲಾಸ್ಟಿಕ್ ತೆಗೆಯುವುದು, ಕೈಯಿಂದ ಎತ್ತಿ ಬಿಟ್ಟಾಗ ಪೂರ್ತಿ ಕೂರುತ್ತಾ ಅಂತ ನೋಡುವುದು. ಒಂದು ಬಾಟಲಿ ಸಿಕ್ಕಿಕೊಂಡರೂ ಗೇಟ್ ಅರ್ಧ ತೆರೆದೇ ನಿಲ್ಲುತ್ತೆ, ಇಡೀ ಬೀದಿಗೆ ಹೊಳೆ ನೀರು ಬರಲು ಅಷ್ಟು ಸಾಕು.

ಜೂನ್ 1ರಿಂದ ಗಂಟೆಗೊಮ್ಮೆ ದಾಖಲೆ. ಕಳಿಸುವ ಸಂದೇಶ ಯಾವಾಗಲೂ ಒಂದೇ ಕ್ರಮದಲ್ಲಿರಲಿ: ಜಾಗ, ಹೊತ್ತು, ಮಟ್ಟ, ಹಿಂದಿನ ಗಂಟೆಗಿಂತ ಎಷ್ಟು ಏರಿತು ಅಥವಾ ಇಳಿಯಿತು. ಏರಿಕೆಯ ವೇಗ ಬರೆಯದೆ ಬರೀ ಮಟ್ಟ ಕಳಿಸಿದರೆ ಶಿವಮೊಗ್ಗದಲ್ಲಿ ಕೂತವರಿಗೆ ಉಪಯೋಗ ಕಡಿಮೆ.

ತೀರ್ಥಹಳ್ಳಿ_ಹೊಳೆದಂಡೆ

ರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ಯಾರು ನೋಡೋದು ಅಂತ ಮೊದಲೇ ತೀರ್ಮಾನ ಆಗ್ಬೇಕು. ಹೊಳೆ ಆ ಹೊತ್ತಲ್ಲೂ ಏರ್ತದೆ. ಹೋಂ ಗಾರ್ಡ್ ಇಬ್ಬರನ್ನು ಜೂನ್ ಮಧ್ಯದಿಂದ ಆಗಸ್ಟ್ ಕೊನೆವರೆಗೆ ಪಾಳಿಯಲ್ಲಿ ಹಾಕಿ, ಅವರ ಭತ್ಯೆ ಎಲ್ಲಿಂದ ಅನ್ನೋದನ್ನ ಮನವಿಯಲ್ಲೇ ಬರೀರಿ.

ಗಾಂಧಿಬಜಾರ್_ನಾಗರಿಕ

ಸೇರಿಸುತ್ತೇನೆ. ಮನವಿಯ ಕರಡನ್ನು ಇಲ್ಲೇ ಹಾಕುತ್ತೇನೆ. ನಿರ್ಣಯದ ಭಾಷೆ ಕಡತ_ಕೋಣೆಯವರು, ನೀರಿನ ಮಾದರಿಯ ಜಾಗಗಳನ್ನು ಕೂಡ್ಲಿಯವರು ತಿದ್ದಿಕೊಡಿ.